ಉಗ್ರಾಣದಿಂದ ಬಂದ ಕೋಟು

ಒಂದು ಕೋಟು ಒಗೆಯಲು ಅರ್ಧ ಗಟ್ಟಿ ಸಾಬೂನು ಹೋಗುತ್ತದೆ, ಷರಟಿಗಾದರೆ ಅದರ ಕಾಲುಭಾಗ ಸಾಕು, ಕಂಬಳಿ ಹಿಡಿದರೆ ಇಡೀ ಗಟ್ಟಿಯೇ ಕರಗುತ್ತದೆ, ಸಂಬಳದ ಪೆಟ್ಟಿಗೆಯ ಸುದ್ದಿಯೇ ಇಲ್ಲ, ಕೂಲಿಯೆಂದರೆ ಬರೀ ಪಡಿ, ಹಿಟ್ಟು ಮತ್ತು ಒಂದು ತುಂಡು ಉಪ್ಪುಮಾಂಸ — ಎಂದುಕೊಳ್ಳುತ್ತಲೇ ಡಾರ್ಕಸ್ ನೀಲಿ ಕೋಟನ್ನು ತೊಟ್ಟಿಯೊಳಗೆ ಅದುಮಿದಳು, ಗಾಳಿ ತುಂಬಿದ ತೋಳು ಮೇಲೆದ್ದಿತು, ಮತ್ತೆ ಅದುಮಿದಳು, ಮತ್ತೆ ಎದ್ದಿತು, ಮೊಣಕೈಯಲ್ಲಿ ಕಂಬಳಿಯ ತೇಪೆ, ದಾರ ಸಿಗದೆ ಜಿಂಕೆಯ ನರದಿಂದ ತಾನೇ ಹಾಕಿದ ಹೊಲಿಗೆ, ಅಂದು ಈನಸ್ ತೋಳು ಚಾಚಿ ಕೂತಿದ್ದ, ಮೆಲ್ಲಗೆ ಕಣೇ, ಕೋಟಿನ ಜೊತೆ ನನ್ನನ್ನೂ ಹೊಲಿದುಬಿಡ್ತೀಯ. ಆ ಗಂಡನನ್ನು ಜ್ವರ ಕೊಂಡೊಯ್ದು ತಿಂಗಳೂ ತುಂಬಿಲ್ಲ. ಸತ್ತ ಸಿಪಾಯಿಗಳ ಕೋಟನ್ನು ಈ ಗಡಿಯ ಕೋಟೆಯಲ್ಲಿ ಹೂಳುವುದಿಲ್ಲ, ಗಂಧಕದ ಹೊಗೆಗೆ ಹಿಡಿದು ಉಗ್ರಾಣದಲ್ಲಿಟ್ಟು ಇನ್ನೊಬ್ಬನಿಗೆ ಕೊಡುತ್ತಾರೆ, ಫಿಲಡೆಲ್ಫಿಯಾದಿಂದ ಹೊಸದು ಹೊರಟಿದೆ ಎನ್ನುತ್ತಲೇ ಎರಡು ಚಳಿಗಾಲ ಕಳೆದವು. ಹೀಗೇ ಒಂದು ಸಂಜೆ, ಹಾಜರಿಯ ಡೋಲು ಬಡಿಯುವಾಗ, ನೀರು ತರುತ್ತಿದ್ದವಳ ಮುಂದೆ ಆ ತೇಪೆಯ ಕೋಟಿನ ಬೆನ್ನು ನಡೆದುಹೋಯಿತು, ಈನಸ್ ಎಂದು ಬಾಯಿಗೆ ಬಂದಿತ್ತು — ತಿರುಗಿದಾಗ ಲೆಮ್ಯುಯಲ್, ಈನಸ್‌ನ ತುಕಡಿಯದೇ ಸಿಪಾಯಿ. ಅಂದಿನಿಂದ ದಿನಾ ಡೋಲಿನ ಹೊತ್ತಿಗೆ ಹೊರಗೆ ಬಂದು ನಿಲ್ಲುತ್ತಾಳೆ. ಸಾಲಿನಲ್ಲಿ ಆ ಬೆನ್ನು. ಒಂದು ಉಸಿರಿನಷ್ಟು ಹೊತ್ತು ಈನಸ್ ಸತ್ತಿರುವುದಿಲ್ಲ. ಇದನ್ನು ಯಾರಿಗೆ ಹೇಳುವುದು.

ಉಗ್ರಾಣದ ಸಾರ್ಜೆಂಟ್ ಹ್ಯಾಸ್ಕೆಟ್‌ಗಂತೂ ಹೇಳುವ ಹಾಗಿಲ್ಲ, ಅವನು ಕೆಟ್ಟವನಲ್ಲ, ಕಣ್ಣು ತಪ್ಪಿಸಿಯೇ ಹೇಳಿದ, ನೋಡಮ್ಮ, ತುಕಡಿಗೆ ನಾಲ್ಕೇ ಹೆಂಗಸರ ಪಡಿ, ಅದೂ ಸಿಪಾಯಿಗಳ ಹೆಂಡತಿಯರಿಗೆ, ಹಿಟ್ಟು ತರೋ ಗುತ್ತಿಗೆದಾರನ ದೋಣಿ ಒಹಾಯೊ ಹೊಳೆಯ ಮರಳಲ್ಲಿ ಕೂತಿದೆ, ನೀರು ಬರೋವರೆಗೂ ಇರೋ ಹಿಟ್ಟನ್ನೇ ಎಳೀಬೇಕು, ಭಾನುವಾರದೊಳಗೆ ಯಾರನ್ನಾದ್ರೂ ಕಟ್ಕೋ, ಇಲ್ಲಾಂದ್ರೆ ವಾಪಸ್ ಹೋಗೋ ಹೇರುಕುದುರೆಗಳ ಹಿಂದೆ ಹೊರಡು. ಕಾಡಿನ ದಾರಿ. ಹೋದ ವರ್ಷ ಹಾಗೆ ಹೊರಟ ಹೆಂಗಸು ಊರು ಮುಟ್ಟಿದ ಸುದ್ದಿ ಇನ್ನೂ ಬಂದಿಲ್ಲ. ಪಕ್ಕದ ತೊಟ್ಟಿಯಿಂದ ಪೆಗ್, ಇವಳಂತೆಯೇ ಒಗೆಯುವವಳು, ಇನ್ನೂ ಏನೇ ಯೋಚನೆ, ನನಗಿವನು ಮೂರನೇ ಗಂಡ, ಯಾರಿಗೂ ಒಂದು ವಾರದ ಮೇಲೆ ಅತ್ತಿಲ್ಲ ನಾನು, ಅಷ್ಟರಲ್ಲಿ ಹಿಟ್ಟು ಮುಗಿದಿರುತ್ತೆ, ನಿನ್ನನ್ನ ಕೇಳಿರೋ ಆ ಲೆಮ್ಯುಯಲ್, ನಮ್ಮ ಲೆಮ್, ಕುಡಿಯಲ್ಲ, ಕೈ ಎತ್ತಲ್ಲ, ಗೊರಕೆ ಒಂದೇ — ಗೊರಕೆ ನಿನಗೆ ಹೇಗೆ ಗೊತ್ತೇ — ಗೋಡೆಗಳಿಗೂ ಗೊತ್ತು ಕಣೇ, ಸುಮ್ಮನೆ ಹೂಂ ಅನ್ನು. ನಗು ಬಂತು, ಬಂದಿದ್ದಕ್ಕೆ ನಾಚಿಕೆಯಾಯಿತು, ತೋಳು ಮತ್ತೆ ಮೇಲೆದ್ದಿತು, ಗಂಧಕದ ವಾಸನೆ ಹೋಗುತ್ತಿಲ್ಲ, ಅದರಡಿಯಲ್ಲಿ ಇನ್ನೊಂದು ವಾಸನೆ, ಬೆವರು, ಹೊಗೆಸೊಪ್ಪು, ಸಾಬೂನು ಹಾಕಿದಷ್ಟೂ ಅದೂ ಹೋಗುತ್ತದೆ, ಯಾಕೆ ಇಷ್ಟು ಉಜ್ಜುತ್ತಿದ್ದೇನೆ — ಎದುರಿಗೆ ಲೆಮ್, ಬರೀ ಷರಟಿನಲ್ಲಿ, ಹಲ್ಲು ಕಟಕಟ.

ಕೋಟು ಒಣಗಿತಾ ಅಂತ ಕೇಳೋಕೆ ಬಂದಿಲ್ಲ ಡಾರ್ಕಸ್ ಅವರೇ, ನಾಳೆ ಭಾನುವಾರ ಅಂತ ಬಂದೆ, ಅದು ಯಾರದು ಅಂತ ನನಗೂ ಗೊತ್ತು, ಬೇರೆ ಕೊಡಿ ಅಂದೆ, ಬೇರೆ ಇಲ್ಲ ಅಂದ್ರು, ನೀವು ಬೇಡ ಅಂದ್ರೆ ಹಾಕಲ್ಲ. ಚಳಿಗೆ ಸಾಯ್ತೀರಿ, ಎಂದಳು ಅವಳು. ಸಾಯಬಹುದು. ಸಣ್ಣ ಭುಜ ಇವನದು, ಈನಸ್‌ನ ಅರ್ಧ, ಅಂಗೈಯೆಲ್ಲ ಬಿರುಕು, ಸಾಯುವುದು ಎಂಬ ಮಾತನ್ನು ಇಷ್ಟು ಮೆಲ್ಲಗೆ ಹೇಳುವವನು. ಹಾಕ್ಕೊಳ್ಳಿ, ಎಂದಳು, ಕ್ಯಾಪ್ಟನ್‌ಗೆ ಹೇಳಿ ಗಂಡ ಹೆಂಡತಿ ಅಂತ ನಮ್ಮ ಹೆಸರು ಬರೆಸಿ.

ಬರೆಸಿದ. ಭಾನುವಾರ ಹ್ಯಾಸ್ಕೆಟ್ ಹಿಟ್ಟು ಅಳೆದು ಕೊಟ್ಟ, ಒಂದು ಹಿಡಿ ಹೆಚ್ಚಿಗೇ. ಸಂಜೆ ಡೋಲು, ಅವಳು ಹೊರಗೆ ಬಂದಳು, ಸಾಲಿನಲ್ಲಿ ನೀಲಿ ಬೆನ್ನು, ಕಾದಳು, ಉಸಿರು ಹಿಡಿದು — ಲೆಮ್. ಕಣ್ಣು ಮುಚ್ಚಿ ತೆರೆದಳು, ಲೆಮ್. ಪಡಿ ಉಳಿಯಿತು. ದಿನಕ್ಕೊಮ್ಮೆ ಬದುಕಿ ಬರುತ್ತಿದ್ದ ಈನಸ್ ಇನ್ನು ಬರುವುದಿಲ್ಲ.