ಕಲಗಚ್ಚಿನ ಬಕೆಟ್ಟು

"ನಾನು ಈ ಮನೇಲಿ ಒಲೆ ಹಚ್ತಿರೋವರೆಗೂ ನಿಮ್ಮ ಬಕೆಟ್ಟು ಬರಿದಾಗಿ ಹೋಗಲ್ಲ ಅಕ್ಕ, ಇದು ನನ್ನ ಮಾತು" ಎಂದು ಕುಸುಮ ಇಂದ್ರಮ್ಮನ ಕೈಹಿಡಿದು ಹೇಳಿದಾಗ ಲಹರಿ ಇನ್ನೂ ಬಟ್ಟೆಯಲ್ಲಿ ಸುತ್ತಿಟ್ಟ ಕೂಸು. ಈಗ ಆ ಕೂಸು ಒಂಬತ್ತನೇ ಕ್ಲಾಸು.

ಆ ಮಾತು ಸುಮ್ಮನೆ ಬಂದದ್ದಲ್ಲ. ಹೆರಿಗೆಯ ಹೊತ್ತಿಗೆ ಕುಸುಮನ ತಾಯಿ ತೀರಿಹೋಗಿದ್ದರು. ಅತ್ತೆ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಬಾಣಂತಿಗೆ ಒಂದು ಲೋಟ ಬಿಸಿನೀರು ಕೊಡುವವರಿರಲಿಲ್ಲ. ಆಗ ಗೋಡೆಯಾಚೆಯ ಮನೆಯಿಂದ ಇಂದ್ರಮ್ಮ ಯಾರೂ ಕರೆಯದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ಕೂಸಿಗೆ ಎಣ್ಣೆ ಹಚ್ಚಿದರು, ತಾಯಿಗೆ ಹಂಡೆಗಟ್ಟಲೆ ನೀರು ಹುಯ್ದರು, ಮೆಣಸಿನ ಸಾರು ಮಾಡಿ ಎದುರಿಗೇ ಕೂತು ಉಣ್ಣಿಸಿದರು. ಬಾಣಂತನ ಮುಗಿದ ಮೇಲೆ ಕುಸುಮ ಸೀರೆ ಮುಂದಿಟ್ಟರೆ ಮುಟ್ಟಲಿಲ್ಲ.

"ಸೀರೆ ಯಾಕವ್ವ? ಹಸ ಕಟ್ಕೊಂಡಿರೋಳು ನಾನು, ರೇಷ್ಮೆ ಉಟ್ಕೊಂಡು ಸಗಣಿ ಬಾಚ್ಲಾ? ನಿಮ್ಮನೆ ಕಲಗಚ್ಚು ನಮ್ಮ ಹಸೀಗೆ ಬುಡು, ಅಷ್ಟೇ ಸಾಕು."

ಅಂದಿನಿಂದ ಗೇಟಿನ ಪಕ್ಕ ಒಂದು ಹಸಿರು ಬಕೆಟ್ಟು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಮಗು ಅರ್ಧಕ್ಕೆ ಬಿಟ್ಟ ಮುದ್ದೆ, ಎಲ್ಲ ಅದಕ್ಕೇ. ಬೆಳಗ್ಗೆ ಇಂದ್ರಮ್ಮ ಎತ್ತಿಕೊಂಡು ಹೋಗುತ್ತಾರೆ, ಸಂಜೆಯೊಳಗೆ ತೊಳೆದು ಕಾಂಪೌಂಡಿನ ಮೇಲೆ ಬೋರಲು ಹಾಕಿರುತ್ತಾರೆ. ಹಸು ಕರು ಹಾಕಿದರೆ ಗಿಣ್ಣಿನ ಹಾಲು ಮೊದಲು ಬರುವುದು ಕುಸುಮನ ಮನೆಗೇ. ಕುಂಬಾರಕೊಪ್ಪಲಿನ ಆ ಬೀದಿಯಲ್ಲಿ ಹಟ್ಟಿಗಳೆಲ್ಲ ಮಾಯವಾಗಿ ಮೂರಂತಸ್ತಿನ ಮನೆಗಳಾದರೂ ಇಂದ್ರಮ್ಮನ ಹಸುವೂ ಉಳಿಯಿತು, ಬಕೆಟ್ಟೂ ಉಳಿಯಿತು.

ಭಂಗ ಬಂದದ್ದು ಫ್ರಿಜ್ಜಿನಿಂದ.

ಕುಸುಮನ ಗಂಡ ಸಾಗರ್‌ಗೆ ಒಂಟಿಕೊಪ್ಪಲಿನಲ್ಲಿ ಫ್ರಿಜ್ಜು, ವಾಷಿಂಗ್ ಮಷಿನ್ ರಿಪೇರಿ ಮಾಡುವ ಅಂಗಡಿ. ಯಾವುದೋ ಷೋರೂಮಿನವರು ಪಕ್ಕ ನೆಗ್ಗಿದೆ ಎಂದು ಬಿಟ್ಟುಕೊಟ್ಟ ಸ್ಮಾರ್ಟ್ ಫ್ರಿಜ್ಜೊಂದನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದ. ಬಾಗಿಲ ಮೇಲೆ ಪರದೆ, ಒಳಗೆ ಕ್ಯಾಮೆರಾ.

"ಇನ್ಮೇಲೆ ಈ ಮನೇಲಿ ಏನೂ ಕೊಳೆಯಲ್ಲ, ನೋಡ್ತಿರು" ಎಂದು ಎದೆಯುಬ್ಬಿಸಿದ.

"ನಿನ್ನ ಸಾಕ್ಸ್ ಒಂದು ಬಿಟ್ಟು ಅಪ್ಪ" ಎಂದಳು ಲಹರಿ.

ಮೊದಲ ವಾರ ಫ್ರಿಜ್ಜು ಪೆದ್ದನಂತೆ ನಡೆದುಕೊಂಡಿತು. ಒಳಗೆಲ್ಲ ಸ್ಟೀಲ್ ಡಬ್ಬಿಗಳು. ಕ್ಯಾಮೆರಾಗೆ ಕಂಡದ್ದು ತನ್ನದೇ ಬೆಳಕಿನ ಹೊಳಪು. ಐಸ್‌ಕ್ರೀಮ್ ಡಬ್ಬದಲ್ಲಿದ್ದ ದೋಸೆಹಿಟ್ಟನ್ನು ಐಸ್‌ಕ್ರೀಮ್ ಎಂದೇ ನಂಬಿ, ಕರಗುತ್ತಿದೆ ಕರಗುತ್ತಿದೆ ಎಂದು ಬಾಯಿ ಬಡಿದುಕೊಂಡಿತು. ಲಹರಿ ಪಟ್ಟು ಹಿಡಿದು ಎಲ್ಲವನ್ನೂ ಗಾಜಿನ ಡಬ್ಬಿಗೆ ಬದಲಾಯಿಸಿದ ಮೇಲೆ ಅದಕ್ಕೆ ಬುದ್ಧಿ ಬಂತು. ಕುಸುಮ ಜಯಲಕ್ಷ್ಮಿಪುರಂನ ಲ್ಯಾಬಿನಲ್ಲಿ ಯಾರದೋ ತೋಳಿಗೆ ಸೂಜಿ ಚುಚ್ಚುತ್ತಿರುವಾಗ ಫೋನು ಟಿಣ್ ಎನ್ನುತ್ತಿತ್ತು: ದಂಟಿನ ಸೊಪ್ಪನ್ನು ಇವತ್ತೇ ಬಳಸಿ. ಮೊದಲಾದರೆ ಆ ಸೊಪ್ಪು ಭಾನುವಾರ ಕಪ್ಪು ಲೋಳೆಯಾಗಿ ಕೈಗೆ ಅಂಟುತ್ತಿತ್ತು. ಈಗ ಅದು ಅವತ್ತೇ ಸಾರಾಗುತ್ತಿತ್ತು. ದಿನವಿಡೀ ನಿಂತು ದುಡಿದು ಬಂದವಳಿಗೆ, ಇವತ್ತು ಏನು ಮಾಡಲಿ ಎಂದರೆ ಉತ್ತರ ಕೊಡುವ ಪ್ರಾಣಿ ಮನೆಯಲ್ಲಿ ಒಂದಾದರೂ ಸಿಕ್ಕಿತಲ್ಲ ಎಂದು ಕುಸುಮನಿಗೆ ಜೀವ ಹಗುರವಾಯಿತು. ವಾರದ ಕೊನೆಗೆ ಪರದೆಯ ಮೇಲೆ ಒಂದು ಎಲೆ ಮೂಡುತ್ತಿತ್ತು. ಬಹಳ ಬಿಸಾಡಿದ್ದರೆ ಕೆಂಪು, ಬಿಸಾಡದಿದ್ದರೆ ಹಸಿರು. ಕೆಂಪೆಲೆ ಹಳದಿಯಾಗಿ, ಹಳದಿ ಹಸಿರಾಯಿತು.

ಎಲೆ ಹಸಿರಾದ ವಾರವೇ ಕುಸುಮ ಬಕೆಟ್ಟಿನೊಳಗೆ ಇಣುಕಿ ನೋಡಿದಳು. ತಳದಲ್ಲಿ ಅಕ್ಕಿ ತೊಳೆದ ನೀರು, ಅದರ ಮೇಲೆ ಒಂದಿಷ್ಟು ಸೋರೆಕಾಯಿ ಸಿಪ್ಪೆ. ಬೇರೇನೂ ಇಲ್ಲ.

ಇಂದ್ರಮ್ಮ ಬಂದರು, ಬಕೆಟ್ಟು ಎತ್ತಿದರು, ಒಂದು ಗಳಿಗೆ ಒಳಗೆ ನೋಡಿದರು. ತುಟಿ ಏನೋ ಅಲುಗಿತು. ಹಾಗೇ ಹೊರಟುಹೋದರು. ಕಿಟಕಿಯಲ್ಲಿ ನಿಂತಿದ್ದ ಕುಸುಮನ ಕೆನ್ನೆಗೆ ಹೊಡೆದಂತಾಯಿತು. ತಾಯಿಯ ಜಾಗದಲ್ಲಿ ನಿಂತು ನೀರೆರೆದವರಿಗೆ ಬರೀ ಸಿಪ್ಪೆ, ಅಕ್ಕಿ ತೊಳೆದ ನೀರು ಕೊಟ್ಟು ಕಳಿಸಿದೆನಲ್ಲ!

ಮಾರನೆಯ ದಿನದಿಂದ ಅವಳು ಇನ್ನಷ್ಟು ಬೇಗ ಏಳತೊಡಗಿದಳು. ಕುಕ್ಕರಿಗೆ ಒಂದು ಪಾವು ಅಕ್ಕಿ ಹೆಚ್ಚು. ಬೆಂದ ಅನ್ನದಲ್ಲಿ ಊಟದ ಡಬ್ಬಿಗಾಗುವಷ್ಟು ತೆಗೆದು ಮಿಕ್ಕದ್ದನ್ನು ನೇರ ಬಕೆಟ್ಟಿಗೆ. ಫ್ರಿಜ್ಜಿನ ಬಾಗಿಲನ್ನೇ ದಾಟದ ಆ ಅನ್ನ ಕ್ಯಾಮೆರಾಗೆ ಕಾಣುವುದಾದರೂ ಹೇಗೆ? ಎಲೆ ಹಸಿರಾಗಿಯೇ ಇತ್ತು. ಅದನ್ನು ನೋಡಿದಾಗಲೆಲ್ಲ ಕುಸುಮನಿಗೆ ಕದ್ದವಳಂತೆ ಕಸಿವಿಸಿ.

ಒಂದು ಶನಿವಾರ ಆತುರದಲ್ಲಿ ಅನ್ನ ತಳಹತ್ತಿತು. ಕಂದುಗಟ್ಟಿದ ತಳದ ಚಕ್ಕೆಯನ್ನು ಇಡಿಯಾಗಿ ಎಬ್ಬಿಸಿ ಬಕೆಟ್ಟಿಗೆ ಹಾಕುತ್ತಿರುವಾಗ ಲಹರಿ ಹಲ್ಲುಜ್ಜುತ್ತಾ ಬಾಗಿಲಿಗೆ ಬಂದು ನಿಂತಳು.

"ಅಮ್ಮ! ಅನ್ನ ಇನ್ನೂ ಹಬೆ ಆಡ್ತಿದೆ! ಬಿಸಾಡ್ತಿದ್ದೀಯಾ?"

"ಬಿಸಾಡೋದಲ್ಲ ಕಣೇ. ಹಸುವಿಗೆ."

"ಹಸುವಿಗೆ ಅಂತಲೇ ಯಾರಾದ್ರೂ ಕುಕ್ಕರ್ ಕೂಗಿಸ್ತಾರಾ? ಪಾಪ, ಆ ಫ್ರಿಜ್ಜು ನಿನ್ನನ್ನ ನಂಬ್ಕೊಂಡು ಹಸಿರೆಲೆ ತೋರಿಸ್ತಿದೆ."

ಸಾಗರ್ ಚಾದರದೊಳಗಿಂದಲೇ ತೀರ್ಪು ಕೊಟ್ಟ: "ನಮ್ಮನೇಲಿ ಈಗ ಮಿಗಲ್ಲ ಅಂತ ಹೋಗಿ ಹೇಳ್ಬುಡು. ಅದಕ್ಯಾಕೆ ಇಷ್ಟೊಂದು ರಾಮಾಯಣ?"

"ನೀವೇ ಹೇಳಿ ಬನ್ನಿ, ಅಷ್ಟು ಸಲೀಸಾದ್ರೆ."

"ನಾನಾ? ನನ್ನ ಕಂಡ್ರೆ ಆಯಮ್ಮ ಇವತ್ತಿಗೂ ‘ಬಾಣಂತಿ ಎಂಗವ್ಳೆ’ ಅಂತಾರೆ" ಎಂದು ಅವನು ಮತ್ತೆ ಮುಸುಕೆಳೆದ.

ಭಾನುವಾರ ಇಂದ್ರಮ್ಮ ಬರಲಿಲ್ಲ. ಬಿಸಿಲೇರಿದರೂ ಬಕೆಟ್ಟು ಗೇಟಿನ ಪಕ್ಕವೇ ಇತ್ತು. ಕೋಪ ಬಂದಿರಬಹುದು, ಇಲ್ಲವೇ ಮೈ ಸರಿಯಿಲ್ಲವೇನೋ. ಎರಡರಲ್ಲಿ ಯಾವುದಾದರೂ ಕುಸುಮ ತಡೆದುಕೊಳ್ಳುವಂಥದ್ದಲ್ಲ. ಬಕೆಟ್ಟನ್ನು ತಾನೇ ಹೊತ್ತುಕೊಂಡು ಹೋದಳು. ಮುಂಬಾಗಿಲು ಮುಚ್ಚಿತ್ತು. ಓಣಿಯಲ್ಲಿ ನುಸುಳಿ ಹಿತ್ತಲಿಗೆ ಬಂದಳು.

ಹಸು ಬೆಳ್ಳಿ ಹಸಿ ಹುಲ್ಲು ಮೆಲ್ಲುತ್ತಾ ನಿಂತಿತ್ತು. ಅದರಾಚೆ ಗೊಬ್ಬರದ ಗುಂಡಿ. ಗುಂಡಿಯಲ್ಲಿ ಅನ್ನ. ಮೇಲೆ ಹುಲ್ಲು ಎಳೆದು ಮುಚ್ಚಿದ್ದನ್ನು ಕಾಗೆಗಳು ಕೆದಕಿ ಬಯಲು ಮಾಡಿದ್ದವು. ನಟ್ಟನಡುವೆ, ಕುಕ್ಕರಿನ ತಳದಷ್ಟೇ ದುಂಡಗೆ, ಅವಳ ನಿನ್ನೆಯ ಕಂದು ಚಕ್ಕೆ.

"ಅಯ್ಯೋ, ಇಲ್ಲಿಗ್ಯಾಕ್ ಬಂದ್ಬುಟ್ಟೆ ಮಗಾ!"

ಬೆಳಗ್ಗೆಯೇ ಹುಲ್ಲು ಕೊಯ್ಯಲು ಹೋಗಿದ್ದ ಇಂದ್ರಮ್ಮ ಹೊರೆ ಹೊತ್ತುಕೊಂಡು ಹಿಂದೆಯೇ ಬಂದಿದ್ದರು. ಹೊರೆ ಕೆಳಗೆ ಹಾಕಿ, ಗುಂಡಿಗೆ ಅಡ್ಡ ನಿಲ್ಲಲು ನೋಡಿದರು. ತಡವಾಗಿತ್ತು.

"ಅಕ್ಕ, ಇದು ನಮ್ಮನೆ ಅನ್ನ."

"ಊಂ ಕಣವ್ವ." ಇಂದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕಲ್ಲಿನ ಮೇಲೆ ಕೂತರು. "ಯುಗಾದಿ ಇಂದೆಮುಂದೆ ಬೆಳ್ಳಿ ಹೊಟ್ಟೆ ಉಬ್ಬರಿಸಿ ಬಿದ್ಬುಡ್ತು. ದನದ ಡಾಕ್ಟ್ರು ಬಂದು ನೋಡಿ, ಅನ್ನ ಹಾಕಿ ಹಾಕಿ ಹೊಟ್ಟೆಯೆಲ್ಲಾ ಹುಳಿ ಎಬ್ಬಿಸಿದ್ದೀಯ, ಇನ್ನೊಂದು ಸಲ ಹಾಕಿದ್ರೆ ಹಸ ಉಳಿಯಲ್ಲ ಅಂತ ಬೈದ್ರು. ಅವತ್ತಿಂದ ಅನ್ನನೆಲ್ಲ ಗುಂಡಿಗೇ ಸುರೀತಿದ್ದೀನಿ."

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಎಂಗೆ ಹೇಳ್ಲಿ? ನೀನು ಮಾತು ಕೊಟ್ಟಿದ್ದೆ. ಒಂದು ದಿನಾನೂ ತಪ್ಪಿಸ್ದೋಳಲ್ಲ. ನಿನ್ನ ಅನ್ನ ತಿಂದು ನನ್ನ ಹಸ ಬಿತ್ತು ಅಂತ ಹೇಳಕ್ಕೆ ನಾಲಿಗೆ ಬರ್ಲಿಲ್ಲ ಕಣವ್ವ. ನಡುವೆ ಒಂದಿನ ಬಕೆಟ್ಟು ಅಗುರಾಗಿತ್ತು ನೋಡು, ಬರೀ ಸಿಪ್ಪೆ. ನಿಮ್ಮನೆ ಗೇಟಲ್ಲೇ ನಗು ಬಂದ್ಬುಡ್ತು, ತಡ್ಕೊಂಡೆ. ಮನೆಗೆ ಬಂದು ಮಾದೇಶ್ವರನಿಗೆ ಕೈ ಮುಗ್ದೆ. ಮಾರ್ನೇ ದಿನಕ್ಕೇ ಮತ್ತೆ ಭಾರ! ಅದೂ ಬಿಸಿಬಿಸಿ ಅನ್ನ! ಇದೇನಪ್ಪ ಈ ಹುಡುಗಿಗೆ ತಲೆ ಕೆಟ್ಟದಾ ಅಂದ್ಕೊಂಡೆ."

ಕುಸುಮನಿಗೆ ಹೊಟ್ಟೆಯಿಂದಲೇ ನಗು ಎದ್ದು ಬಂತು. ಬಕೆಟ್ಟು ಕೆಳಗಿಟ್ಟು, ಗೋಡೆ ಹಿಡಿದು ನಕ್ಕಳು. ಫ್ರಿಜ್ಜಿನ ಕತೆ, ಎಲೆಯ ಕತೆ, ಬೇಗನೆ ಎದ್ದು ಹಾಕುತ್ತಿದ್ದ ಪಾವಿನ ಕತೆ, ಎಲ್ಲ ನಗುವಿನ ನಡುವೆಯೇ ಹೇಳಿದಳು. ಇಂದ್ರಮ್ಮ ಮೊದಲು ಬಾಯಿಗೆ ಸೆರಗು ಇಟ್ಟುಕೊಂಡರು, ಆಮೇಲೆ ಸೆರಗು ಬಿಟ್ಟು ತೊಡೆ ತಟ್ಟಿಕೊಂಡು ನಕ್ಕರು. ಕಾಗೆಗಳು ಹಾರಿಹೋದವು. ಬೆಳ್ಳಿ ಮಾತ್ರ ಮೆಲುಕು ನಿಲ್ಲಿಸದೆ ಇಬ್ಬರನ್ನೂ ನೋಡುತ್ತಿತ್ತು.

"ನಾನು ಕುಕ್ಕರ್ ಕೂಗಿಸೋದು, ನೀವು ಗುಂಡಿ ತುಂಬಿಸೋದು" ಎಂದಳು ಕುಸುಮ, ಕಣ್ಣೊರೆಸಿಕೊಂಡು.

"ಗೊಬ್ಬರ ಚೆನ್ನಾಗಾಗದೆ ಬುಡು, ನಿಮ್ಮನೆ ದಾಸವಾಳಕ್ಕೆ ಹಾಕ್ಕೋ. ಇನ್ನು ನೀನು ಈ ಬಕೆಟ್ಟಿನ ಗೊಡವೆ ಬುಟ್ಬುಡು ಮಗಾ. ಸೊಪ್ಪಿನ ದಂಟು, ಸಿಪ್ಪೆ ಇದ್ರೆ ಗೋಡೆ ಮೇಲೆ ಮಡಗು, ಬಂದು ತಕ್ಕೋತೀನಿ. ಬೆಳ್ಳಿ ಈಗ ಗಬ್ಬ. ಗಿಣ್ಣು ಬತ್ತದೆ, ಮೊದ್ಲು ನಿಮ್ಮನೆಗೇ."

"ಕಲಗಚ್ಚು ಇಲ್ಲದೆಯೂ?"

"ಕಲಗಚ್ಚು ಲೆಕ್ಕ ಹಾಕ್ಕೊಂಡು ನೀರು ಹುಯ್ದಿದ್ನಾ ನಿನಗೆ?" ಎಂದು ಇಂದ್ರಮ್ಮ ಗದರಿದರು. "ಓಗು, ರಜಾ ಅಲ್ವಾ ಇವತ್ತು, ಒಂಚೂರು ಮಲಿಕ್ಕೋ. ಕಣ್ಣು ನೋಡು ಎಂಗಾಗದೆ."

ಕುಸುಮ ಬಕೆಟ್ಟಿನಲ್ಲಿದ್ದದ್ದನ್ನು ತಾನೇ ಗುಂಡಿಗೆ ಸುರಿದು, ಹುಲ್ಲು ಎಳೆದು ಮುಚ್ಚಿ, ಮನೆಗೆ ಬಂದಳು. ಸಾಗರ್‌ಗಾಗಲಿ ಲಹರಿಗಾಗಲಿ ಏನೂ ಹೇಳದೆ ಹಾಸಿಗೆಯ ಮೇಲೆ ಬಿದ್ದುಕೊಂಡು ಮಧ್ಯಾಹ್ನದವರೆಗೂ ನಿದ್ದೆ ಹೊಡೆದಳು. ಎದ್ದ ಮೇಲೆ ಬಕೆಟ್ಟನ್ನು ಬ್ರಷ್ಷು ಹಾಕಿ ತಿಕ್ಕಿ, ತೊಳೆದು, ಕಾಂಪೌಂಡಿನ ಮೇಲೆ ಬೋರಲು ಹಾಕಿದಳು.

ಸೋಮವಾರ ಅವಳು ಒಂದು ಪಾವು ಅಕ್ಕಿ ಕಡಿಮೆ ಹಾಕಿದಳು. ಅನ್ನ ಮೂವರ ಡಬ್ಬಿಗೆ ಸರಿಹೋಯಿತು. ಬಕೆಟ್ಟು ಬರಿದಾಗಿ ಗೋಡೆಯ ಮೇಲೆಯೇ ಇತ್ತು. ಇಂದ್ರಮ್ಮನಿಗೆ ಅಂದು ಕೊಟ್ಟ ಮಾತನ್ನು ಕುಸುಮ ಮುರಿದಳು.