ಕಸ ಕೆಳಗಿದೆ

"ಕಸ ಕೆಳಗಿದೆ," ಎಂದರು ಸ್ಕ್ಯಾನಿಂಗ್ ಡಾಕ್ಟರಮ್ಮ.

ನಾನು ಪೊರಕೆ ಹಿಡಿದು ಮಂಚದ ಕೆಳಗೆ ಬಗ್ಗಿದೆ. ಬೆಳಿಗ್ಗೆಯಷ್ಟೇ ಗುಡಿಸಿ ಒರೆಸಿದ ನೆಲ. ಹತ್ತಿಯ ಒಂದು ಎಳೆಯೂ ಇರಲಿಲ್ಲ. ಈ ಕೋಣೆಯ ಕೆಲಸಕ್ಕೆ ಸೇರಿ ಹದಿನೈದು ದಿನವಾಗಿತ್ತು, ಅಷ್ಟರಲ್ಲೇ ಬೈಸಿಕೊಳ್ಳುವುದು ಬೇಡವೆಂದು ಗೋಡೆಯ ಅಂಚಿನವರೆಗೂ ಕೈ ಚಾಚಿದೆ.

"ಅಲ್ಲೇನೇ ಹುಡುಕ್ತಿದ್ದೀಯ?" ಮಂಚದ ಮೇಲಿಂದ ಅಕ್ಕ ಕೇಳಿದಳು. ಅವಳಿಗೆ ಎಂಟು ತಿಂಗಳು. ಹಿಂದಿನ ದಿನ ನೋವಿಲ್ಲದೆ ಬಟ್ಟೆಗೆ ರಕ್ತ ಹತ್ತಿತ್ತು. ನಾನೇ ಬಲವಂತವಾಗಿ ಕರೆತಂದಿದ್ದೆ.

"ಕಸ..."

ಡಾಕ್ಟರಮ್ಮ ನಕ್ಕುಬಿಟ್ಟರು. "ಆ ಕಸ ಅಲ್ಲ ಕಣಮ್ಮ! ಮಗು ಹುಟ್ಟಿದ್ಮೇಲೆ ಬೀಳುತ್ತಲ್ಲ, ಮಾಸು, ಅದು. ಪೊರಕೆ ಅಲ್ಲಿಟ್ಟು ಬಾ ಇಲ್ಲಿ."

ಸ್ಕ್ಯಾನಿಂಗ್ ತೆರೆಯ ಮೇಲೆ ಮಗುವಿನ ತಲೆಗಿಂತ ಕೆಳಗೆ ಬೂದು ಬಣ್ಣದ ದಪ್ಪ ಮುದ್ದೆಯೊಂದಿತ್ತು. "ಇದು ಮೇಲೆ ಅಂಟ್ಕೊಂಡಿರ್ಬೇಕಿತ್ತು. ಇವಳಿಗೆ ಬಾಗಿಲಿಗೇ ಅಡ್ಡ ಕೂತಿದೆ. ನೋವು ಶುರುವಾಗಿ ಕಿತ್ಕೊಂಡ್ರೆ ರಕ್ತ ನಿಲ್ಲಲ್ಲ."

ಇದೇ ಮಾತು ನಾನು ಮನೆಯಲ್ಲಿ ಕೇಳಿದ್ದೆ. "ಕಸ ಕೆಳಗಿತ್ತು, ಅದಕ್ಕೇ ನಿಮ್ಮಮ್ಮ ಹೋದ್ಲು." ಅಜ್ಜಿ ಹೇಳುತ್ತಿದ್ದುದು ಇಷ್ಟೇ. ನಾನು ಹುಟ್ಟಿದ ದಿನವೇ ಅಮ್ಮ ಸತ್ತಿದ್ದಳು. ಯಾರೋ ನೆಲ ಗುಡಿಸಿರಲಿಲ್ಲ, ಹಣ್ಣಿನ ಸಿಪ್ಪೆ ತುಳಿದು ಅಮ್ಮ ಜಾರಿಬಿದ್ದಳು ಎಂದು ಚಿಕ್ಕವಳಿದ್ದಾಗ ನಾನೇ ಕಲ್ಪಿಸಿಕೊಂಡಿದ್ದೆ. ಸೋದರತ್ತೆ ಮಾತ್ರ ಬೇರೆ ಹೇಳುತ್ತಿದ್ದಳು: ಹುಟ್ಟುತ್ತಲೇ ತಾಯಿಯನ್ನು ನುಂಗಿದವಳು. ಎರಡರಲ್ಲಿ ನನಗೆ ಸಿಪ್ಪೆಯೇ ವಾಸಿ ಅನ್ನಿಸಿತ್ತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಮನೆಯ ನೆಲವನ್ನು ದಿನಕ್ಕೆ ಮೂರು ಸಲ ಗುಡಿಸುತ್ತಿದ್ದೆ.

"ಅಕ್ಕ, ಅಮ್ಮಂಗೂ ಇದೇನಾ?"

ಅಕ್ಕ ಚಾವಣಿ ನೋಡಿದಳು. ಅಮ್ಮ ಹೋದಾಗ ಅವಳಿಗೆ ಒಂಬತ್ತು ವರ್ಷ. "ಹ್ಞೂಂ, ಇದೇ. ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ ಕಣೇ."

ನಾನು ಯಾರ ಹತ್ತಿರವೂ ಗಟ್ಟಿಯಾಗಿ ಮಾತಾಡುವವಳಲ್ಲ. ಆದರೂ ಡಾಕ್ಟರಮ್ಮನನ್ನು ಕೇಳಿದೆ: "ಅಕ್ಕನೂ ಹೋಗ್ಬಿಡ್ತಾಳಾ?"

"ಎಲ್ಲಿಗೆ ಹೋಗ್ತಾಳೆ? ನಾವು ಬಿಡ್ಬೇಕಲ್ಲ! ಇವತ್ತೇ ಅಡ್ಮಿಟ್ ಆಗ್ಲಿ. ನೋವು ಬರೋಕೆ ಮುಂಚೆ ಆಪರೇಷನ್ ಮಾಡಿ ಮಗು ತೆಗೀತಾರೆ, ರಕ್ತಾನೂ ರೆಡಿ ಇಟ್ಕೋತಾರೆ. ಮೊದಲೇ ಗೊತ್ತಾಯ್ತಲ್ಲ, ಅದೇ ಪುಣ್ಯ."

"ಮನೇಲಿ ಇಷ್ಟು ಗುಡಿಸೋಳಿದ್ರೂ ನಂಗೇ ಕಸದ ಕಾಟ ನೋಡಿ," ಎಂದಳು ಅಕ್ಕ. ನಗುತ್ತಲೇ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು.

ಡಾಕ್ಟರಮ್ಮ ಒಂದು ಗುಂಡಿ ಒತ್ತಿದರು. ತೆರೆಯ ಮೇಲೆ ಕೆಂಪು, ನೀಲಿ ಹೊಸೆದುಕೊಂಡು ಹರಿಯತೊಡಗಿದವು. "ಇದು ಹೊಕ್ಕುಳಬಳ್ಳಿ. ಮೂರು ರಕ್ತನಾಳಾನೂ ಇದೆ. ಅಮ್ಮನ ಕಡೆಯಿಂದ ಮಗೂಗೆ ಚೆನ್ನಾಗಿ ಹೋಗ್ತಿದೆ."

ಅಮ್ಮನ ಹೊಟ್ಟೆಯ ಮೇಲೆ ಯಾರೂ ಹೀಗೆ ಯಂತ್ರ ಆಡಿಸಿ ನೋಡಿರಲಿಲ್ಲ. ಆಡಿಸಿದ್ದರೆ ಅವಳು ಉಳಿಯುತ್ತಿದ್ದಳು. ಉಳಿಯದಿದ್ದರೂ ಹೋಗಲಿ, ಇಂಥದೊಂದು ತೆರೆಯ ಮೇಲೆ ನಾವಿಬ್ಬರೂ ಒಟ್ಟಿಗೆ ಇರುತ್ತಿದ್ದೆವು. ಅವಳು ನನಗೆ ಕೊಡುತ್ತಿದ್ದಳು, ನಾನು ತೆಗೆದುಕೊಳ್ಳುತ್ತಿದ್ದೆ, ನುಂಗುತ್ತಿರಲಿಲ್ಲ.

ಡಾಕ್ಟರಮ್ಮ ಅಕ್ಕನ ಹೊಟ್ಟೆಯ ಮೇಲಿಂದ ಯಂತ್ರ ಎತ್ತಲು ಹೊರಟರು.

"ಇನ್ನೊಂದು ನಿಮಿಷ ಇಡ್ತೀರಾ, ಮೇಡಂ?"

"ಹೊರಗೆ ಇನ್ನೂ ಆರು ಜನ ಕೂತಿದ್ದಾರೆ ಕಣಮ್ಮ," ಎಂದರು ಅವರು. ಆದರೆ ಕೈ ತೆಗೆಯಲಿಲ್ಲ.