ಯಾಮೆ ಅಂದ ಮೇಲೆ

ಬಲಗಾಲಿನ ಹೆಬ್ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ, ಮೊದಲು ಜುಮ್ಮೆಂದಿತು, ಆಮೇಲೆ ಇರುವೆ ಹರಿದ ಹಾಗಾಯಿತು, ಈಗ ಏನೂ ಇಲ್ಲ, ಮಂಡಿಯೂರಿ ಹಿಮ್ಮಡಿಯ ಮೇಲೆ ಕೂತು ಅರ್ಧ ಗಂಟೆಯಾಗಿರಬೇಕು, ಅಲುಗುವ ಹಾಗಿಲ್ಲ, ಬ್ಲ್ಯಾಕ್ ಬೆಲ್ಟ್ ತಗೊಳ್ಳೋರು ಸೊಳ್ಳೆ ಕಚ್ಚಿದ್ರೂ ಅಲುಗ್ಬಾರ್ದು, ಅಪ್ಪ ಅಮ್ಮ ಕೂಗಿದ್ರೂ ತಿರುಗ್ಬಾರ್ದು ಅಂತ ಚನ್ನರಾಯಪ್ಪ ಮಾಸ್ಟರ್ ನಿನ್ನೆಯೇ ಹೇಳಿಬಿಟ್ಟಿದ್ದಾರೆ — ವೇದಿಕೆಯ ಮೇಲೆ ಒಂಬತ್ತು ಜನ ಒಂದೇ ಸಾಲು, ಎಂಟು ಹುಡುಗರು, ತುದಿಯಲ್ಲಿ ನಾನು, ಹೆಚ್ಚು ಅಂಕ ಬಂದವರನ್ನು ಕೊನೆಗೆ ಕರೆಯುವುದಂತೆ, ಹಾಗಾಗಿ ಕೊನೆಯವಳೇ ಮೊದಲನೆಯವಳು, ಹಾಗಾಗಿ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರಬೇಕಾದವಳೂ ನಾನೇ. ಈ ಕಲ್ಯಾಣ ಮಂಟಪದಲ್ಲಿ ನಿನ್ನೆ ಯಾರದೋ ಮದುವೆ, ಥರ್ಮೊಕೋಲಿನ ಅಕ್ಷರಗಳನ್ನು ಪೂರ್ತಿ ಕಿತ್ತಿಲ್ಲ, ಹೆಣ್ಣಿನ ಹೆಸರು ಹೋಗಿ ಗಂಡಿನ ಹೆಸರು ಉಳಿದಿದೆ, ಅದರ ಮೇಲೆ ನಮ್ಮ ಕರಾಟೆ ಶಾಲೆಯ ಬ್ಯಾನರು, ಬ್ಯಾನರಿನ ಮೇಲೆ ಕಾಲೆತ್ತಿದ ನಾನು. ಅದೇ ಫೋಟೋ ಹೋಳೂರಿನ ಬಸ್‌ಸ್ಟಾಪಿನಲ್ಲೂ ಇದೆ, ಹೋಳೂರು ಹೋಬಳಿಯ ಹೆಮ್ಮೆಯ ಕುವರಿ ಧನಶ್ರೀ, ಯಾರು ಹಾಕಿಸಿದರೋ, ದಿನಾ ಅದರ ಕೆಳಗೇ ನಿಂತು ಬಸ್ಸು ಕಾಯುತ್ತೇನೆ, ತಲೆಯ ಮೇಲೆ ನನ್ನದೇ ಕಾಲು.

ಆಂಜಿಯನ್ನು ಕರೆದರು. ಎದ್ದ, ಜೋಮು ಹಿಡಿದ ಕಾಲು ತಡವರಿಸಿತು, ಜನ ನಕ್ಕರು, ಅವನೂ ನಕ್ಕ — ನಗಬಹುದು ಅವನು. ಹಳೆಯ ಕಂದು ಬೆಲ್ಟು ಬಿಚ್ಚಿ ಮಡಿಚಿ ನೆಲದ ಮೇಲಿಟ್ಟ, ಮಾಸ್ಟರ್ ತಟ್ಟೆಯಿಂದ ಕರೀ ಬೆಲ್ಟು ತೆಗೆದು ಅವನ ಸೊಂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಬಿಗಿದರು, ಫೋಟೋ, ಚಪ್ಪಾಳೆ. ಇನ್ನು ಎಂಟು ಜನ. ಮುಂದಿನ ಸಾಲಿನಲ್ಲಿ ಅಮ್ಮ, ಅಮ್ಮನ ಪಕ್ಕ ಮುನಿಗಂಗಮ್ಮಜ್ಜಿ ಮದುವೆಗೆ ಬಂದವಳ ಹಾಗೆ ರೇಷ್ಮೆ ಸೀರೆ ಉಟ್ಟು ಕೂತಿದ್ದಾಳೆ, ಅಪ್ಪ ಬರಲಿಲ್ಲ, ರೇಷ್ಮೆಹುಳು ನಾಲ್ಕನೇ ಜ್ವರ ಮುಗಿಸಿ ಪೊರೆ ಬಿಟ್ಟು ಎದ್ದಿದೆ, ಹೊತ್ತು ಹೊತ್ತಿಗೂ ಸೊಪ್ಪು ಬೇಕು, ಈಗ ಮನೆಯಲ್ಲಿ ಆ ಸದ್ದು, ಸಾವಿರಾರು ಹುಳು ಒಟ್ಟಿಗೆ ಸೊಪ್ಪು ತಿನ್ನುವ ಸದ್ದು, ತೂರುಮಳೆ ಬಂದ ಹಾಗೆ, ಅಪ್ಪ ಬೆಳಿಗ್ಗೆ ಹೇಳಿದ, ನೀನೋಗವ್ವ, ಹುಳ ನಾನ್ ನೋಡ್ಕೊಂತೀನಿ, ನಿನ್ ಬೆಲ್ಟು ಮುಖ್ಯ. ಅಮ್ಮನಿಂದ ಎರಡು ಕುರ್ಚಿ ಆಚೆ, ದಾರಿಯ ಪಕ್ಕ — ಬೇಡ, ಆ ಕಡೆ ನೋಡಬಾರದು, ಅಲುಗಬಾರದು ಅಂದಿದ್ದಾರೆ, ಕಣ್ಣು ಅಲುಗಿದರೂ ಅಲುಗಿದ್ದೇ. ಆದರೂ ಕಾಣುತ್ತದೆ. ದಾರಿಗೆ ಅಡ್ಡ ಚಾಚಿದ ಒಂದು ಕಾಲು, ಮಂಡಿಗೆ ಪಟ್ಟಿ, ಕುರ್ಚಿಗೆ ಒರಗಿಸಿದ ಕೋಲು. ಬಂದಿದ್ದಾಳೆ. ಶ್ರೀನಿವಾಸಪುರದಿಂದ ಆ ಕಾಲಿಟ್ಟುಕೊಂಡು ಬಸ್ಸು ಹತ್ತಿ ಬಂದಿದ್ದಾಳೆ ಮೇಘನ.

ನಾಲ್ಕು ವರ್ಷ ಒಂದೇ ಬಸ್ಸು, ಅವಳು ಶ್ರೀನಿವಾಸಪುರದಲ್ಲಿ ಹತ್ತಿ ಕಿಟಕಿಯ ಪಕ್ಕ ಬ್ಯಾಗು ಇಟ್ಟು ನನಗೆ ಜಾಗ ಹಿಡಿಯುವಳು, ಯಾರಾದರೂ ಗಂಡಸರು ಕೂರಲು ಬಂದರೆ ಅಣ್ಣಾ ಜನ ಬರ್ತಾರೆ ಅನ್ನುವಳು, ಎಲ್ಲಮ್ಮ ಜನ ಅಂದರೆ ಹೋಳೂರಲ್ಲಿ ಹತ್ತುತ್ತೆ ಜನ ಅನ್ನುವಳು, ನಾನು ಹತ್ತಿದರೆ ನೋಡಿ ಬಂತು ಜನ ಅಂತ ಇಡೀ ಬಸ್ಸಿಗೆ ಕೇಳುವ ಹಾಗೆ, ಮಾವಿನ ಕಾಲದಲ್ಲಿ ಅವಳ ಬ್ಯಾಗಿನಲ್ಲಿ ಉಪ್ಪುಖಾರ ಹಚ್ಚಿದ ಕಾಯಿ, ಕೋಲಾರ ಬರುವಷ್ಟರಲ್ಲಿ ನಾಲಿಗೆ ಒಡೆದಿರುತ್ತಿತ್ತು. ಪೊಲೀಸ್ ಆಗ್ತೀನಿ ಕಣೇ, ಅನ್ನುವಳು, ಬರೆಯೋದು ಪಾಸಾಗಿದೆ, ಓಡೋದು ಎಗರೋದು ಒಂದಿದೆ, ಅದು ನಂಗೆ ಲೆಕ್ಕಾನಾ. ಲೆಕ್ಕವೇ ಆಗಿರಲಿಲ್ಲ. ನನಗಿಂತ ಎತ್ತರ ಎಗರುತ್ತಿದ್ದಳು, ನನಗಿಂತ ಬೇಗ ತಿರುಗುತ್ತಿದ್ದಳು, ಮಾಸ್ಟರ್ ಏನಾದರೂ ಹೊಸದು ಕಲಿಸಿದರೆ ಮೇಘನಾ, ತೋರ್ಸಮ್ಮ ಅನ್ನುತ್ತಿದ್ದರು, ನಾನು ಅದನ್ನೇ ರಾತ್ರಿಯೆಲ್ಲ ಹುಳುಮನೆಯ ತಟ್ಟೆಗಳ ನಡುವೆ ನಿಂತು ನೂರು ಸಲ ಮಾಡಿ, ಮಾರನೆಯ ದಿನ ಅವಳಷ್ಟೇ ಚೆನ್ನಾಗಿ ಮಾಡಿದರೆ, ಹ್ಞಾ, ಮೇಘನ ಥರ ಬರ್ತಾ ಇದೆ ನೋಡು ಅನ್ನುತ್ತಿದ್ದರು. ಮೇಘನ ಥರ. ಕದಿರೇಶನನ್ನು ಕರೆದರು. ಚಪ್ಪಾಳೆ.

ಫೆಬ್ರವರಿಯ ಕೊನೆಯ ಭಾನುವಾರ ಪರೀಕ್ಷೆ, ಬೆಳಿಗ್ಗೆ ಆರರಿಂದ ಓಟ, ದಂಡ, ವರಸೆ, ಹೆಂಚು ಒಡೆಯುವುದು, ಮಧ್ಯಾಹ್ನ ಫೈಟು, ಹುಡುಗಿಯರು ಇಬ್ಬರೇ ಆದ್ದರಿಂದ ನನಗೂ ಅವಳಿಗೂ. ಅವಳು ಎರಡು ಪಾಯಿಂಟು ಮುಂದಿದ್ದಳು. ಮಾಸ್ಟರೇ ರೆಫರಿ, ನಿಲ್ಲಿಸಿ ಅನ್ನುವುದಕ್ಕೆ ಯಾಮೆ ಅನ್ನುತ್ತಾರೆ, ಮೊದಲ ದಿನದಿಂದ ಕಲಿತ ಮೊದಲ ಮಾತು, ಯಾಮೆ ಅಂದ ಮೇಲೆ ಎತ್ತಿದ ಕೈ ಎತ್ತಿದ ಹಾಗೇ ನಿಲ್ಲಬೇಕು. ಯಾಮೆ ಅಂದರು. ಮ್ಯಾಟಿನ ಮೇಲೆ ನನ್ನ ಬೆವರಿನ ಹನಿ ಬಿತ್ತು. ಆಮೇಲೆ ಅವಳು ಮುಂದಿಟ್ಟ ಕಾಲಿಗೆ ನಾನು ಕಾಲು ಬೀಸಿದೆ. ಮಂಡಿ ತಿರುಚಿದ ಸದ್ದು ಹಸಿ ಕಡ್ಡಿ ಮುರಿದ ಹಾಗೆ, ಅವಳು ಕಿರುಚಲೂ ಇಲ್ಲ, ಅಯ್ಯೋ ಅನ್ನುವ ಹಾಗೆ ನನ್ನನ್ನು ನೋಡುತ್ತ ಕೂತಳು, ನನ್ನ ಬಾಯಿ ತೆರೆಯುವ ಮೊದಲೇ ಮಾಸ್ಟರ್ ಹೇಳಿದರು, ಯಾಮೆ ಅನ್ನೋಷ್ಟ್ರಲ್ಲಿ ಕಾಲು ಹೊರಟುಬಿಟ್ಟಿತ್ತು, ಆಟದಲ್ಲಿ ಆಗುತ್ತೆ, ಹೌದೇನಮ್ಮಾ ಧನು. ಹೌದು ಸಾರ್ ಅಂದೆ. ಕಾಲು ಹೊರಟುಬಿಟ್ಟಿತ್ತು ಅಂದೆ. ಅವಳಿಗೆ ಏಳಲಾಗಲಿಲ್ಲ, ಫೈಟು ನನ್ನದಾಯಿತು. ಅವತ್ತಿನಿಂದ ಎಷ್ಟು ಜನರಿಗೆ ಅಂದಿದ್ದೇನೆ, ಆಟೋದವನಿಗೆ, ಆಸ್ಪತ್ರೆಯ ನರ್ಸಿಗೆ, ಅವಳ ಅಪ್ಪ ಆವಲಪ್ಪನವರಿಗೆ, ಅಮ್ಮನಿಗೆ, ಪ್ರತಿ ಸಲವೂ ಅದೇ ಮಾತು, ಈಗ ನನಗೂ ಅದೇ ನಿಜ ಅನ್ನಿಸಬೇಕಿತ್ತು, ಅನ್ನಿಸುತ್ತಿಲ್ಲ, ಯಾಕೆಂದರೆ ಯಾಮೆಗೂ ಕಾಲಿಗೂ ನಡುವೆ ಆ ಹನಿ ಇದೆ, ಅದು ಬೀಳುವುದನ್ನು ನೋಡುವಷ್ಟು ಹೊತ್ತಿತ್ತು, ಎರಡು ಪಾಯಿಂಟು ಹಿಂದೆ ಇದ್ದೀನಿ ಅಂದುಕೊಳ್ಳುವಷ್ಟು ಹೊತ್ತಿತ್ತು.

ಆಪರೇಷನ್ ಆದ ಮೇಲೆ ಅವಳ ಮನೆಗೆ ಹೋಗಿದ್ದೆ, ಅವತ್ತು ಹೇಳಿಬಿಡಬೇಕೆಂದೇ ಹೋಗಿದ್ದೆ, ಮಂಚದ ಮೇಲೆ ಕಾಲಡಿಯಲ್ಲಿ ದಿಂಬಿಟ್ಟು ಮಲಗಿದ್ದಳು, ಗೋಡೆಗೆ ಪೊಲೀಸ್ ದೈಹಿಕ ಪರೀಕ್ಷೆಯ ಪ್ರವೇಶಪತ್ರ ಅಂಟಿಸಿತ್ತು, ಅದರ ತಾರೀಖು ಹಿಂದಿನ ವಾರವೇ ದಾಟಿತ್ತು. ಮೇಘೂ, ಒಂದ್ ಮಾತು ಅಂದೆ. ನಂಗೊತ್ತು ಕಣೇ ನೀನೇನ್ ಹೇಳ್ತೀಯ ಅಂತ, ಅಂದಳು, ನಿಂದೇನ್ ತಪ್ಪಿದೆ, ಕಾಲು ಹೊರಟೋಗಿತ್ತಲ್ಲ, ಮಾಸ್ಟರೂ ಅಂದ್ರು, ಅಳ್ಬೇಡ, ನೀನ್ ಅಳೋದ್ ನೋಡಿದ್ರೆ ನಂಗೆ ನಗು ಬರುತ್ತೆ. ಅವಳ ಅಮ್ಮ ಮಾವಿನಹಣ್ಣಿನ ರಸ ತಂದುಕೊಟ್ಟರು. ಕುಡಿದೆ. ಕುಡಿದು ಲೋಟ ತೊಳೆದಿಟ್ಟು ಬಸ್ಸು ಹತ್ತಿದೆ, ಕಿಟಕಿಯ ಪಕ್ಕದ ಸೀಟು ಖಾಲಿ ಇತ್ತು, ನಿಂತುಕೊಂಡೇ ಬಂದೆ.

ಚೈತನ್ಯನೂ ಎದ್ದು ಹೋದ. ಸಾಲಿನಲ್ಲಿ ಈಗ ನಾನೊಬ್ಬಳೇ, ಎಡಕ್ಕೆ ಎಂಟು ಜನರ ಮಂಡಿಯ ಬೆವರ ಗುರುತು ಮ್ಯಾಟಿನ ಮೇಲೆ ಒಣಗುತ್ತಿದೆ, ಮಾಸ್ಟರ್ ಮೈಕು ಹಿಡಿದಿದ್ದಾರೆ, ಇಪ್ಪತ್ತೆರಡು ವರ್ಷದಿಂದ ಕೋಲಾರದಲ್ಲಿ ಕಲಿಸ್ತಾ ಇದೀನಿ, ನಮ್ಮ ಶಾಲೆಯಿಂದ ಬ್ಲ್ಯಾಕ್ ಬೆಲ್ಟ್ ತಗೊಳ್ತಾ ಇರೋ ಮೊದಲನೇ ಹೆಣ್ಣುಮಗಳು, ಅಪ್ಪ ಅಮ್ಮಂದಿರೇ, ಇನ್ನಾದ್ರೂ ನಿಮ್ ಹೆಣ್ಮಕ್ಕಳನ್ನ ಕಳಿಸ್ರಿ — ಅವರ ದನಿ ಒಡೆಯುತ್ತಿದೆ, ನಿಜವಾಗಿಯೂ ಅಳು ಬಂದಿದೆ ಅವರಿಗೆ, ಹಿಂದಿನ ಸಾಲುಗಳಲ್ಲಿ ಬಿಳಿ ಬೆಲ್ಟಿನ ಪುಟ್ಟ ಹುಡುಗಿಯರು ಕುರ್ಚಿಯ ಮೇಲೆ ಹತ್ತಿ ನಿಂತು ನನ್ನನ್ನು ನೋಡುತ್ತಿದ್ದಾರೆ, ಈಗ ಹೇಳಿದರೆ, ಈ ಮೈಕಿನಲ್ಲಿ ಹೇಳಿದರೆ, ಅಮ್ಮ ಎಲ್ಲಿ ಮುಖ ಇಟ್ಟುಕೊಳ್ಳುತ್ತಾಳೆ, ಅಜ್ಜಿಗೆ ಅರ್ಥವೇ ಆಗುವುದಿಲ್ಲ, ಇವರ ಇಪ್ಪತ್ತೆರಡು ವರ್ಷ, ಆ ಮಕ್ಕಳು ನಾಳೆ ಬರುತ್ತಾರೋ ಇಲ್ಲವೋ, ಹೇಳದಿದ್ದರೆ — ಧನಶ್ರೀ, ಕರೆದರು. ಏಳಬೇಕು. ಕಾಲು ನನ್ನದಲ್ಲ, ಆದರೂ ಎದ್ದಿತು. ಮಾ ಬಂಗಾರು ಅಂತ ಅಜ್ಜಿ ತೆಲುಗಿನಲ್ಲಿ ಜೋರಾಗಿ ಕೂಗಿದಳು. ಕಂದು ಬೆಲ್ಟು ಬಿಚ್ಚಿದೆ, ಮಡಿಚಿದೆ, ಇಟ್ಟೆ. ಮಾಸ್ಟರ್ ಎದುರಿಗೆ ಬಂದು ಮಂಡಿಯೂರಿದರು, ತಲೆಯಲ್ಲಿ ಎಣ್ಣೆಯ ವಾಸನೆ, ನೆತ್ತಿಯಲ್ಲಿ ಬಿಳಿ ಕೂದಲು, ಬೆಲ್ಟಿನ ಮೇಲೆ ಚಿನ್ನದ ದಾರದಲ್ಲಿ ನನ್ನ ಹೆಸರು, ಒಂದು ಸುತ್ತು, ಎರಡನೆಯ ಸುತ್ತು, ಈಗ, ಇಷ್ಟು ಹತ್ತಿರ ಇನ್ನು ಯಾವತ್ತೂ ಸಿಗುವುದಿಲ್ಲ, ಇವರೊಬ್ಬರಿಗಾದರೂ, ಸಾರ್, ಅಂದೆ. ಹ್ಞೂ ಅಂದರು. ಯಾಮೆ ನಂಗೆ ಕೇಳಿಸಿತ್ತು ಸಾರ್, ಕೇಳಿಸಿದ್ ಮೇಲೆ ಹೊಡ್ದೆ.

ಅವರ ಕೈ ನಿಲ್ಲಲಿಲ್ಲ. ಒಂದು ತುದಿಯನ್ನು ಒಳಗಿನಿಂದ ತೂರಿಸಿ ಮೇಲೆಳೆದರು. ಗೊತ್ತಮ್ಮಾ, ಅಂದರು, ತಲೆ ಎತ್ತದೆ, ದೇವರಿಗೆ ಹೂ ಏರಿಸುವವರ ಮೆಲುದನಿಯಲ್ಲಿ. ಅವತ್ತೇ ಗೊತ್ತು. ಇನ್ನೊಂದ್ಸಲ ಇದನ್ನ ಯಾರತ್ರಾನೂ ಹೇಳ್ಬೇಡ. ಎರಡೂ ತುದಿ ಹಿಡಿದು ಗಂಟು ಎಳೆದರು, ಉಸಿರು ಮೇಲೆಯೇ ನಿಂತಿತು, ಕ್ಯಾಮೆರಾ ಕಡೆ ನೋಡಮ್ಮ, ನಗು ಅಂದರು, ನನ್ನ ಹೆಗಲ ಮೇಲೆ ಅವರ ಕೈ, ಬೆಚ್ಚಗಿದೆ, ಬೆಳಕು ಮಿಂಚಿತು, ನಾನು ನಕ್ಕಿದ್ದೇನೆ, ನಕ್ಕಿರಬೇಕು, ಮಂಟಪವೆಲ್ಲ ಎದ್ದು ನಿಂತಿದೆ, ಅಮ್ಮ ಸೆರಗಿನಿಂದ ಕಣ್ಣೊರೆಸುತ್ತಿದ್ದಾಳೆ, ದಾರಿಯ ಪಕ್ಕದ ಕುರ್ಚಿಯಿಂದ ಮೇಘನ ಕೂಡ ಎದ್ದಿದ್ದಾಳೆ, ಕೋಲನ್ನು ಬಿಟ್ಟು ಒಂದೇ ಕಾಲಿನ ಮೇಲೆ ಭಾರ ಹಾಕಿ, ಎರಡೂ ಕೈ ತಲೆಗಿಂತ ಮೇಲೆತ್ತಿ ಚಪ್ಪಾಳೆ ಹೊಡೆಯುತ್ತಿದ್ದಾಳೆ, ಎಲ್ಲರೂ ನಿಲ್ಲಿಸಿದ ಮೇಲೂ ಹೊಡೆಯುತ್ತಿದ್ದಾಳೆ, ಆಮೇಲೆ ನನ್ನನ್ನೇ ನೋಡುತ್ತ ನಿಧಾನವಾಗಿ ಕೈ ಇಳಿಸಿದಳು — ಹಾಗೇ ಇಳಿಸಿದ್ದಳು ಅವತ್ತು, ಹನಿ ಒಂದೇ ಅಲ್ಲ ನಾನು ನೋಡಿದ್ದು, ಯಾಮೆ ಅಂದರು, ಅವಳು ಮುಷ್ಟಿ ಬಿಚ್ಚಿ ಕೈ ಇಳಿಸಿದಳು, ಮುಗೀತು ಕಣೇ ಅನ್ನುವ ಹಾಗೆ ತುಟಿ ಆಗತಾನೇ ನಗಲು ಹೊರಟಿತ್ತು, ನಾನು ನೋಡಿದೆ, ನೋಡಿಯೂ, ಕೈ ಇಳಿದಿತ್ತು, ಬೆರಳು ಬಿಚ್ಚಿತ್ತು, ಯಾಮೆ ಅಂದರು, ಕೈ ಇಳಿಸಿದಳು, ಬೆರಳು ಬಿಚ್ಚಿತ್ತು, ಕೈ ಇಳಿಸಿದಳು, ಕೈ